ನೀನು ಹಲ್ಲುಜ್ಜುತ್ತಿದ್ದೆ

ಕಾಲಿ ನಗರ, ಕೊಲಂಬಿಯಾ
14 ಆಗಸ್ಟ್ 2006

ಪ್ರೀತಿಯ ಅರ್ಸೆಸಿಯೊ,

ಕಾಗದ ನೋಡಿದ ಕೂಡಲೇ ಹರಿದು ಹಾಕಬೇಡ ಮಾರಾಯ, ಬೈಯಲು ಬರೆಯುತ್ತಿಲ್ಲ. ನೀನು ಪಾಸ್ತೊಗೆ, ನಿನ್ನ ಅಕ್ಕನ ಮನೆಗೆ ಹೋಗಿ ಹನ್ನೊಂದು ತಿಂಗಳಾಯಿತು. ಮೊದಮೊದಲು ಹೋದರೆ ಹೋಗಲಿ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮೂಲೆಯಲ್ಲಿ ಚೊಂತದೂರೊ ಹಣ್ಣು ಮಾರುವವಳು ಇವತ್ತಿಗೂ ಕೇಳದೆಯೇ ಎರಡು ಪೊಟ್ಟಣ ಕಟ್ಟುತ್ತಾಳೆ, ನನ್ನದಕ್ಕೆ ಉಪ್ಪು, ನಿನ್ನದಕ್ಕೆ ಜೇನು. ಬೇಡ ಎನ್ನಲು ಬಾಯಿ ಬರುವುದಿಲ್ಲ. ಎರಡನ್ನೂ ನಾನೇ ತಿನ್ನುತ್ತೇನೆ.

ಆ ಭಾನುವಾರದ ಮಾತಿಗೆ ಬರುತ್ತೇನೆ. ನಿನ್ನ ಬ್ಯಾಂಡಿನವರೆಲ್ಲ ಊಟಕ್ಕೆ ಬಂದಿದ್ದರು. ಮುಂದಿನ ಹಲ್ಲು ಅಲ್ಲಾಡುತ್ತಿದೆ, ಟ್ರಂಪೆಟ್ ಊದಿದರೆ ಬಾಯೆಲ್ಲ ರಕ್ತ ಎಂದು ನೀನು ಅವರಿಗೆ ಹೇಳಿಕೊಂಡೆ. ನನಗೆ ಉರಿದುಹೋಯಿತು. ಒಸಡಿನ ಡಾಕ್ಟರ ಗಂಡನ ಒಸಡೇ ಹೀಗಾದರೆ ಜನ ಏನಂದಾರು? ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಕೊಡುವ, ಉಜ್ಜದ ಕಡೆಯೆಲ್ಲ ಕೆಂಪು ಹಿಡಿಯುವ ಗುಳಿಗೆ ತಂದು ಎಲ್ಲರೆದುರು ನಿನ್ನಿಂದ ಅಗಿಸಿದೆ. ಎಲ್ಲೂ ಕೆಂಪು ಹಿಡಿಯಲಿಲ್ಲ. ಅಷ್ಟಕ್ಕಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ನಾನು? "ನೀವೆಲ್ಲ ಬರ್ತೀರಂತ ಇವತ್ತೊಂದಿನ ಉಜ್ಜಿದಾನೆ" ಅಂದುಬಿಟ್ಟೆ. ಎಲ್ಲರೂ ನಕ್ಕರು.

"ದಿನಾ ಉಜ್ತೀನಿ ಕಣೇ. ನೀನಾದ್ರೂ ನಂಬು" ಎಂದೆ ನೀನು. ಮಾರನೆಯ ದಿನ ಪಾಸ್ತೊದ ಬಸ್ಸು ಹತ್ತಿಬಿಟ್ಟೆ.

ನಮ್ಮ ಕಸುಬಿನವರ ಚಾಳಿಯೇ ಅದು. ಒಸಡು ಕೆಟ್ಟಿತೆಂದರೆ ಆಸಾಮಿ ಉಜ್ಜಿಲ್ಲ ಎಂದೇ ತೀರ್ಮಾನ.

ನಮ್ಮ ಲ್ಯಾಬಿನ ಒಸಡು ರೋಗದ ಅಧ್ಯಯನಕ್ಕೆಂದು ನೀನು ಸಹಿ ಹಾಕಿ ಕೊಟ್ಟಿದ್ದ ಮಾದರಿ ನೆನಪಿದೆಯೇ, ಒಸಡಿನ ಸಂದಿಗೆ ಸಣ್ಣ ಕಾಗದದ ಕಡ್ಡಿ ಇಟ್ಟು ತೆಗೆದದ್ದು? ಅದು ಲ್ಯಾಬಿನ ಫ್ರೀಜರಿನಲ್ಲೇ ಇತ್ತು. ಹೋದ ವಾರ ಪರೀಕ್ಷಿಸಿದೆವು. ಹರ್ಪಿಸ್ ಕುಲದ ಎರಡು ವೈರಸ್ ಸಿಕ್ಕಿವೆ. ಗಾಬರಿಯಾಗಬೇಡ, ಬಹುಪಾಲು ಜನರ ಮೈಯಲ್ಲಿ ಅವು ಸುಮ್ಮನೆ ಮಲಗಿರುತ್ತವೆ. ಒಸಡಿನಲ್ಲಿ ಎದ್ದರೆ ಅಲ್ಲಿನ ಕಾವಲು ಸಡಿಲವಾಗಿ ಬ್ಯಾಕ್ಟೀರಿಯಾಗಳು ಮೂಳೆಯವರೆಗೂ ನುಗ್ಗಬಹುದು ಎಂಬುದು ನಮ್ಮ ಊಹೆ. ಬರೀ ಊಹೆ. ವೈರಸ್ಸಿನಿಂದ ರೋಗವೋ, ರೋಗದಿಂದ ವೈರಸ್ ಎದ್ದದ್ದೋ, ಇನ್ನೂ ಯಾರಿಗೂ ಖಚಿತವಿಲ್ಲ. ಆದರೆ ನಿನ್ನನ್ನು ನಂಬಲು ನನಗೆ ವೈರಸ್ ಬೇಕಾಯಿತಲ್ಲ, ಅದಕ್ಕೆ ನಾಚಿಕೆಯಾಗುತ್ತಿದೆ. ತಪ್ಪು ನನ್ನದು. ಕ್ಷಮಿಸು.

ನೀನು ಟ್ರಂಪೆಟ್ ಪೆಟ್ಟಿಗೆಯನ್ನು ತೆರೆದೇ ಇಲ್ಲ ಎಂದು ನಿನ್ನ ಅಕ್ಕ ಫೋನಿನಲ್ಲಿ ಹೇಳಿದಳು. ಕೇಳಿ ಅತ್ತುಬಿಟ್ಟೆ. ಬೇರಿನವರೆಗೆ ಶುಚಿ ಮಾಡಿ, ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ಮುಂದಿನ ನಾಲ್ಕು ಹಲ್ಲು ಉಳಿದಾವು. ತಡ ಮಾಡಿದರೆ ಕಷ್ಟ. ಗುರುವಾರ ಮಧ್ಯಾಹ್ನ ಬೇರೆ ಯಾರಿಗೂ ಸಮಯ ಕೊಟ್ಟಿಲ್ಲ. ಮುಂದಿನ ಗುರುವಾರವೂ ಅಷ್ಟೇ. ಬಾ.

ನಿನ್ನ
ನೊರಾಲ್ಬಾ

ತಾ.ಕ.: ಇದನ್ನು ಬೇಕೆಂದೇ ಮುಚ್ಚಿಟ್ಟಿದ್ದೆ. ನಿನ್ನ ಅಕ್ಕನ ಮನೆಯಿಂದ ಎರಡೇ ಬೀದಿ ಆಚೆ ನನ್ನ ಜೊತೆ ಓದಿದ ಎಸ್ನೆದಾ ಇದ್ದಾಳೆ, ಒಸಡಿನ ಕೆಲಸದಲ್ಲಿ ನನಗಿಂತ ಹಗುರ ಕೈ. ವಿಳಾಸ ಹಾಳೆಯ ಹಿಂದೆ ಬರೆದಿದ್ದೇನೆ. ಹಲ್ಲಿಗಾದರೆ ನಾಳೆಯೇ ಅವಳಲ್ಲಿಗೆ ಹೋಗು. ಇಲ್ಲಿಗೆ ಬರುವುದಾದರೆ ಹಲ್ಲಿನ ನೆಪ ಬೇಡ, ಸುಮ್ಮನೆ ಬಾ.