ಒಂದೇ ತಾಯಿಯ ಏಳು ಹುಳ

ಆಲಂಕಾರು
೧೪-೧೦-೨೦೨೪

ಪ್ರೀತಿಯ ಮಗಳು ನುಸೈಬಾಳಿಗೆ, ಅಸ್ಸಲಾಮು ಅಲೈಕುಂ.

ಶೀತ ಕಡಿಮೆಯಾಯಿತೇ? ಹಾಸ್ಟೆಲಿನ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಬೇಡ ಎಂದು ಉಮ್ಮ ಹೇಳಿದ್ದಾಳೆ. ಇಲ್ಲಿ ನಾವು ಕ್ಷೇಮ. ನಮ್ಮ ನರ್ಸರಿಯಲ್ಲಿ ರಬ್ಬರ್ ಸಸಿಗಳೆಲ್ಲ ಖಾಲಿಯಾದವು. ಉಳಿದ ಕರಿಬೇವಿನ ಸಸಿಗಳನ್ನು ನಿನ್ನ ಹುಳಗಳೇ ತಿಂದು ಮುಗಿಸಿದವು.

ನೀನು ನನ್ನ ಕೈಗೆ ಒಪ್ಪಿಸಿ ಹೋದ ಬಲೆಪೆಟ್ಟಿಗೆಯ ಏಳು ಹುಳಗಳೂ ಚಿಟ್ಟೆಯಾದವು. ಆರಕ್ಕೆ ಕಪ್ಪು ರೆಕ್ಕೆ, ಬಿಳಿ ಪಟ್ಟಿ. ಒಂದು ಮಾತ್ರ ರೆಕ್ಕೆ ತುಂಬ ಕೆಂಪು ಚುಕ್ಕೆ ಇಟ್ಟುಕೊಂಡು ಮದುಮಗಳ ಹಾಗೆ ಹೊರಗೆ ಬಂತು. ಒಂದೇ ತಾಯಿಯ ಮೊಟ್ಟೆಗೆ ಎರಡು ವೇಷವೇ? ಪೆಟ್ಟಿಗೆಯಲ್ಲಿ ಏನೋ ಅದಲುಬದಲು ಮಾಡಿದನೆಂದು ನನಗೆ ಸಂಶಯ ಬಂದದ್ದು ಶಾಫಿಯ ಮೇಲೆ. ನಿನ್ನ ಜೊತೆ ಓದುವವನಾದರೇನು, ಫೋಟೋ ತೆಗೆಯಲು ಪ್ರತಿ ಶುಕ್ರವಾರ ಪುತ್ತೂರಿನಿಂದ ಇಲ್ಲಿಯ ತನಕ ಬರುವವನಿಗೆ ಬೇರೆ ಕೆಲಸವಿಲ್ಲವೇ? ಪೆಟ್ಟಿಗೆಗೆ ಬೀಗ ಹಾಕಿದೆ. ಅವನು ಬಂದರೆ ಬೆನ್ನ ಹಿಂದೆಯೇ ನಿಂತೆ. ಉಮ್ಮ ಅವನಿಗೆ ಚಹಾ ಕೊಟ್ಟದ್ದೂ ನನಗೆ ಸರಿಬರಲಿಲ್ಲ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ. ಪಾಪ, ಅವನು ನಕ್ಕ. “ಕಾಕ, ಅದು ಹೆಣ್ಣು. ಈಶ್ವರ ಬಳ್ಳಿ ತಿನ್ನುವ ವಿಷದ ಚಿಟ್ಟೆ ಉಂಟಲ್ಲ, ಅದರ ವೇಷ ಹಾಕಿದ್ದು. ಹಕ್ಕಿ ಹೆದರಿ ಮುಟ್ಟುದಿಲ್ಲ. ಮೈ ನೋಡಿ, ಅಸಲಿದ್ದು ಕೆಂಪು, ಇದು ಕಪ್ಪು” ಎಂದ. ಹಿಂದಿನ ಪಂಡಿತರೂ ಮೋಸಹೋಗಿ ಇವನ್ನು ಬೇರೆ ಬೇರೆ ಜಾತಿಯೆಂದು ಬರೆದಿಟ್ಟಿದ್ದರಂತೆ. ಎಷ್ಟೋ ಸಾವಿರ ತಲೆಮಾರುಗಳಲ್ಲಿ ಹಕ್ಕಿಯನ್ನು ಯಾಮಾರಿಸಿದವಳು ಬದುಕಿ ಮೊಟ್ಟೆಯಿಟ್ಟಳು, ಹಾಗೆ ವೇಷ ಪಕ್ಕಾ ಆಯಿತಂತೆ. ಕೆಲವು ಹೆಣ್ಣುಗಳು ಗಂಡಿನ ಹಾಗೆಯೇ ಉಳಿದವಂತೆ. ಒಂದೇ ತಾಯಿಯ ಮಕ್ಕಳಲ್ಲಿ ಯಾರಿಗೆ ಯಾವ ವೇಷ ಎಂಬುದೇ ನಿನ್ನ ಪ್ರಬಂಧವೆಂದೂ, ಸಾಕಿದ ಬೇರೆಲ್ಲ ಮರಿಗಳು ಇರುವೆಯ ಪಾಲಾಗಿ ನಿನಗೆ ಉಳಿದದ್ದು ಈ ಒಂದೇ ಪೆಟ್ಟಿಗೆಯೆಂದೂ ಹೇಳಿದ. ಆಮೇಲೆ ನನಗೆ ಊಟ ಸೇರಲಿಲ್ಲ.

ನಿನ್ನ ಶ್ರಮಕ್ಕೆ ಅಲ್ಲಾಹನು ಬರಕತ್ತು ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಉಪ್ಪ,
ರವೂಫ್

ತಾ.ಕ.: ಇದನ್ನು ಫೋನಿನಲ್ಲಿ ಹೇಳೋಣವೆಂದರೆ ಉಮ್ಮ ಸ್ಪೀಕರ್ ಹಾಕಿ ಕೂರುತ್ತಾಳೆ. ನೀನು ಹೋದ ಮೂರನೇ ದಿನ ಒಂದು ಹುಳ ಸತ್ತಿತ್ತು. ಗಿರಾಕಿ ಬರುವ ಮೊದಲು ಸಸಿ ಒಣಗಿದರೆ ಅದೇ ಅಳತೆಯ ಇನ್ನೊಂದನ್ನು ಇಟ್ಟು ಕೊಡುವುದು ನರ್ಸರಿಯವರ ಮರ್ಯಾದೆ. ಹಾಗೆಯೇ ಮಾಡಿದೆ. ಹಿತ್ತಿಲಿನ ನಿಂಬೆ ಗಿಡದಿಂದ ಅಂಥದ್ದೇ ಒಂದು ಹುಳ ತಂದು ಪೆಟ್ಟಿಗೆಗೆ ಹಾಕಿದೆ. ಶಾಫಿಯದು ಏನೂ ತಪ್ಪಿಲ್ಲ. ಕೆಂಪು ಚುಕ್ಕೆಯವಳು ನಿನ್ನವಳೋ ನಾನು ತಂದವಳೋ, ನನಗೆ ಗೊತ್ತಿಲ್ಲ ಮಗಳೇ. ಪ್ರಬಂಧವನ್ನು ಪ್ರೊಫೆಸರಿಗೆ ಇನ್ನೂ ಕಳಿಸಿಲ್ಲ ತಾನೇ?