ಪುಸ್ತಕದಲ್ಲಿ ಇಲ್ಲದ್ದನ್ನು ಓದಿದೆ

ಕುಬಿಹಾಳ
ಮಂಗಳವಾರ, ೧೧ ಫೆಬ್ರುವರಿ ೨೦೨೫

ಪ್ರೀತಿಯ ಶೈಲಶ್ರೀ,

ಈ ಕಾಲದಲ್ಲಿ ಪತ್ರ ಬರೆಯುತ್ತಾಳಲ್ಲ, ಇವಳಿಗೇನು ಹುಚ್ಚು ಹಿಡಿಯಿತಾ ಎಂದು ನಗಬೇಡ. ನನ್ನ ಫೋನು ಈರೇಶ ಅವರ ಕಿಸೆಯಲ್ಲಿರುತ್ತದೆ. ಕಂಡವರ ಮೆಸೇಜು ನೋಡಿ ನನ್ನ ತಲೆ ಕೆಡಬಾರದು ಎಂಬ ಕಾಳಜಿ ಅಷ್ಟೇ, ಬೇರೇನಿಲ್ಲ. ನಮ್ಮವರು ಒಳ್ಳೆಯವರು. ನಾನು ಆರಾಮ ಇದ್ದೇನೆ.

ಆದರೆ ಒಂದು ತಪ್ಪು ಮಾಡಿಕೊಂಡು ಕೂತಿದ್ದೇನೆ. ಎರಡು ದಿನದಿಂದ ಯಾವ ಕೆಲಸಕ್ಕೂ ಕೈ ಹತ್ತುತ್ತಿಲ್ಲ. ಬೆಳಿಗ್ಗೆ ರೊಟ್ಟಿ ಸುಟ್ಟು ಕರಕಲಾಯಿತು, ಬೈಸಿಕೊಂಡೆ.

ದೀಪಾವಳಿಗೆ ನೀನು ಕೊಟ್ಟ ದಪ್ಪ ಕಾದಂಬರಿ ಇದೆಯಲ್ಲ, ಅದನ್ನು ಮಧ್ಯಾಹ್ನ ಬಾಜೂ ಮನೆಯ ಲಕ್ಷ್ಮವ್ವಕ್ಕನ ಪಡಸಾಲೆಯಲ್ಲಿ ಓದುತ್ತಿದ್ದೆ. ಅಷ್ಟು ದೂರ ಹೋಗಲು ನನಗೆ ಪರವಾನಗಿ ಇದೆ! ನಾಲ್ಕೈದು ಹೆಂಗಸರು ಹಳೆಯ ಸೀರೆ ಹರವಿಕೊಂಡು ಕೌದಿ ಹೊಲಿಯುತ್ತಾರೆ, ನನ್ನದು ಓದುವ ಕೆಲಸ. ನಾಯಕ ಬಂದರೆ ಸಾಕು, ಲಕ್ಷ್ಮವ್ವಕ್ಕ "ಬಂದಾ ನೋಡ್ರಿ ನಮ್ಮ ಅಳಿಯಾ" ಎನ್ನುವಳು.

ಹಾಸ್ಟೆಲಿನಲ್ಲಿ ನಾವೂ ಇಂಥವನ್ನೇ ಓದಿ ನಿಟ್ಟುಸಿರು ಬಿಡುತ್ತಿದ್ದೆವಲ್ಲ. ನಾಯಕಿ ಯಾರ ಜೊತೆ ಮಾತಾಡಿದರೂ ಅವನಿಗೆ ಸಿಟ್ಟು. ಪ್ರೀತಿ ಇದ್ದಲ್ಲೇ ಸಿಟ್ಟು ಬರುವುದು ಎಂದು ನಾನೇ ನಿನಗೆ ಪಾಠ ಹೇಳಿದ್ದೆ. ಕಟ್ಟಿಕೊಂಡರೆ ಅಂಥವನನ್ನೇ ಎಂದಿದ್ದೆ. ಸಿಕ್ಕ. ಹೋಗಲಿ ಬಿಡು.

ಮೊನ್ನೆ ರವಿವಾರ ಕೊನೆಯ ಅಧ್ಯಾಯ. ಹೊಲಿಯುವವರಲ್ಲಿ ರೇವವ್ವ ಎಂಬವಳಿದ್ದಾಳೆ, ಓದು ಬಾರದವಳು. ಅವತ್ತು ಅವಳ ಗಲ್ಲ ಬಾತಿತ್ತು. ಗುಡಗೇರಿ ಸಂತೆಯಲ್ಲಿ ಬಳೆಗಾರನ ಜೊತೆ ನಕ್ಕಳೆಂದು ಗಂಡ ಬಸಣ್ಣ ಹೊಡೆದಿದ್ದ. ಓದುತ್ತ ಬಂದು ಕೊನೆಯ ಹಾಳೆಯ ಮೇಲೆ ಕಣ್ಣಾಡಿಸಿದರೆ ಪುಸ್ತಕದಲ್ಲೂ ಅದೇ! ನಾಯಕ ಹೊಡೆಯುತ್ತಾನೆ, ಆಮೇಲೆ ಅಳುತ್ತಾನೆ, ಅವಳು ಹೊಡೆದ ಕೈಗೇ ಮುತ್ತು ಕೊಡುತ್ತಾಳೆ, ಶುಭಂ. ರೇವವ್ವನ ಸೂಜಿ ನಿಂತಿತ್ತು. ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನಿಂದ ಓದಲಾಗಲಿಲ್ಲ ಶೈಲೂ. ನಾಯಕಿ ಚೀಲ ತುಂಬಿಕೊಂಡು ಬೆಳಗಿನ ಬಸ್ಸು ಹತ್ತಿದಳು ಎಂದು ಓದಿಬಿಟ್ಟೆ. ಎಲ್ಲಿ ಇಳಿದಳು, ಯಾವ ಕೆಲಸ ಹಿಡಿದಳು, ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಹೇಗೆ ನಿದ್ದೆ ಮಾಡಿದಳು, ಎಲ್ಲವನ್ನೂ ಓದಿದೆ. ಎಲ್ಲಿಂದ ಬಂತೋ ನನಗೇ ತಿಳಿಯದು.

ಈಗ ಕೇಳು. ರೇವವ್ವ ಬರುವ ಸೋಮವಾರ ಮಗಳನ್ನು ಕರೆದುಕೊಂಡು ನಿಮ್ಮೂರ ಕಡೆಯ ಮಿಶ್ರಿಕೋಟಿಗೆ, ತವರಿಗೆ ಹೊರಟಿದ್ದಾಳೆ. ತಿರುಗಿ ಬರುವುದಿಲ್ಲವಂತೆ. ಆ ಪುಸ್ತಕ ತನಗೆ ಬೇಕಂತೆ, ಏಳನೆಯ ಇಯತ್ತೆಯ ಮಗಳು ಓದಿ ಹೇಳುತ್ತಾಳಂತೆ! ಪುಸ್ತಕದವಳೂ ಹೊಂದಿಕೊಂಡಳಲ್ಲ ಎಂದು ಇವಳು ಮತ್ತೆ ಆ ಮನೆಗೇ ಬಂದರೆ? ಕೊನೆಯ ಹಾಳೆ ಹರಿಯಲೇ? ಕಳೆದುಹೋಯಿತು ಎನ್ನಲೇ? ನನ್ನ ಸುಳ್ಳು ನಂಬಿ ಒಬ್ಬಳು ಸಂಸಾರ ಬಿಟ್ಟು ಹೊರಟಳಲ್ಲ! ನೀನು ಕಲಘಟಗಿಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಟೀಚರು, ನನಗೂ ಒಂದು ದಾರಿ ಹೇಳು. ಉತ್ತರ ಲಕ್ಷ್ಮವ್ವಕ್ಕನ ವಿಳಾಸಕ್ಕೆ ಹಾಕು, ನಮ್ಮ ಮನೆಗೆ ಬೇಡ.

ನಿನ್ನ,
ಅಮೃತಾ

ತಾ.ಕ.: ರವಿವಾರ. ಪತ್ರ ಇನ್ನೂ ಇಲ್ಲೇ ಇದೆ, ಅಂಚೆ ಡಬ್ಬಿಯವರೆಗೆ ಒಬ್ಬಳೇ ಹೋಗಲಾಗಲಿಲ್ಲ. ಇವತ್ತು ರೇವವ್ವ ಪುಸ್ತಕಕ್ಕೆ ಬಂದಳು. ತಡೆಯಲಾರದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವಳು ನಕ್ಕಳು. "ಗೊತ್ತೈತಿ ಬೇ. ಅಷ್ಟೊತ್ತು ಓದಿದಿ, ಒಂದ ಹಾಳಿನೂ ತಿರುವಲಿಲ್ಲ. ನಾ ಹೊಂಟಿದ್ದು ಕಥಿ ಕೇಳಿ ಅಲ್ಲ, ನನ್ನ ಗಲ್ಲ ನೋಡಿ. ನೀ ಓದಿದ್ದು ನಿಂದ ಕಥಿ ಅಂತ ಅವತ್ತ ತಿಳೀತು. ಪುಸ್ತಕ ಬರೇ ನೆವ, ನಿನ್ನ ಕರಿಯಾಕ ಬಂದೇನಿ. ನಾಳೆ ಎಂಟರ ಬಸ್ಸಿಗೆ ಬರ್ತಿಯೇನು? ಹೆಂಗಸರಿಗೆ ಫುಕಟ್ ಐತಿ, ಆಧಾರ್ ಕಾರ್ಡ್ ಇದ್ರ ಸಾಕು."

ನನ್ನ ಕಾರ್ಡು ಈರೇಶನ ಟ್ರಂಕಿನಲ್ಲಿತ್ತು. ಈಗ ನನ್ನ ಕುಪ್ಪಸದಲ್ಲಿದೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ ಶೈಲೂ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ.