ಸದ್ದಿಲ್ಲದ ಕ್ಯಾಮೆರಾ

ಸ್ಟುಡಿಯೋದ ಒಳಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡನಿಗೆ ಅಕ್ಕ ಬರೆಯುವುದು,

ನಿನ್ನ ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಕ್ಯಾಮೆರಾ ಕೈಗೆ ಬಂದರೆ ಹೊಟ್ಟೆ ಮರೆಯುವ ಹಳೇ ಚಾಳಿಯೇ ಮುಂದುವರಿದಿದೆಯೋ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಪ್ಪನ ವಿಷಯದಲ್ಲಿ ಕಣ್ಣಿನ ಡಾಕ್ಟರು ಕೈಚೆಲ್ಲಿದ್ದಾರೆ. ಈಗ ಬೆಳಕು, ನೆರಳು, ಎದುರು ನಿಂತವರ ಆಕಾರ ಗೊತ್ತಾಗುತ್ತದೆ. ಇನ್ನು ಕೆಲವು ತಿಂಗಳಿಗೆ ಅದೂ ಇರುವುದಿಲ್ಲವಂತೆ. ಇದನ್ನು ಹಿಂದಿನ ಎರಡು ಕಾಗದಗಳಲ್ಲೂ ಬರೆದಿದ್ದೆ. ಉತ್ತರವಾಗಿ ನೀನು ಕ್ಯಾಮೆರಾ ಕಳಿಸಿದೆ.

‘ಅಕ್ಕಾ, ಇದು ಹೊಸದಾಗಿ ಬಂದಿರೋ ಮಿರರ್‌ಲೆಸ್ ಕ್ಯಾಮೆರಾ, ಭಾರೀ ದುಬಾರಿ. ಒಂದು ತಿಂಗಳು ನಾನೇ ಬಳಸಿ ನೋಡಿದೀನಿ. ಮೊದಲ ಸಲ ಹಿಡಿದಾಗ ಏನನ್ನಿಸ್ತು, ಬರಿ’ ಎಂದು ಚೀಟಿ ಬೇರೆ ಇಟ್ಟಿದ್ದೀಯ. ಬರೆಯುತ್ತೇನೆ, ಕೇಳು. ಹಿಡಿತ ಚೆನ್ನಾಗಿದೆ, ಕೈ ಸೋಲುವುದಿಲ್ಲ. ಕುರ್ಚಿಯಲ್ಲಿ ಕೂತವರ ಕಣ್ಣನ್ನು ತಾನೇ ಹುಡುಕಿ ಅದರ ಮೇಲೊಂದು ಪುಟ್ಟ ಹಸಿರು ಚೌಕ ಕೂರಿಸುತ್ತದೆ. ಮಗು ಎಷ್ಟು ಒದ್ದಾಡಿದರೂ ಬಿಡುವುದಿಲ್ಲ. ಅಪ್ಪನನ್ನು ಕೂರಿಸಿ ನೋಡಿದೆ. ಅವರ ಮಬ್ಬುಗಣ್ಣನ್ನೂ ಹುಡುಕಿಕೊಂಡು ಹೋಯಿತು. ಪರವಾಗಿಲ್ಲ, ನಿನಗಿಂತ ವಾಸಿ.

ಆದರೆ ಸದ್ದೇ ಇಲ್ಲವಲ್ಲ ಮಹರಾಯ. ‘ಟಕ್ ಅನ್ನೋವರೆಗೂ ಅಲುಗಾಡಬೇಡಿ, ಉಸಿರೂ ಬಿಡಬೇಡಿ’ ಎಂದು ಅಪ್ಪ ಮೂವತ್ತು ವರ್ಷ ಗಿರಾಕಿಗಳಿಗೆ ಕಲಿಸಿದ್ದು ಮರೆತೆಯಾ? ಮೊನ್ನೆ ಎದುರು ಅಂಗಡಿಯ ದರ್ಜಿ ಪಾಸ್‌ಪೋರ್ಟ್ ಫೋಟೋಗೆ ಬಂದು ಉಸಿರು ಕಟ್ಟಿ ಕೂತವರು ಕೂತೇ ಇದ್ದರು. ನಾನು ಆರು ಫೋಟೋ ತೆಗೆದು ಮುಗಿಸಿದ್ದೆ. ಅವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಇಬ್ಬರೂ ನಕ್ಕೆವು. ಅಪ್ಪ ನಗಲಿಲ್ಲ. ಸಂಜೆ ಮೆಲ್ಲಗೆ ಕೇಳಿದರು: ‘ಬಂದೋರೆಲ್ಲ ಫೋಟೋ ತೆಗೆಸದೇ ಎದ್ದು ಹೋಗ್ತಿದಾರಲ್ಲಮ್ಮ, ನಮ್ಮಿಂದೇನಾದ್ರೂ ತಪ್ಪಾಯ್ತಾ?’ ಎಷ್ಟು ಹೇಳಿದರೂ ನಂಬಲಿಲ್ಲ. ಆಮೇಲೆ ನೋಡಿದರೆ, ನೀನೇ ಸದ್ದು ನಿಲ್ಲಿಸಿ ಕಳಿಸಿದ್ದೆ. ತಡಕಾಡಿ ಮತ್ತೆ ಸದ್ದು ಬರುವಂತೆ ಮಾಡಿದೆ.

‘ಪಾಸ್‌ಪೋರ್ಟ್ ಫೋಟೋ ತೆಗೆಯೋ ಈ ಗೂಡಿಗೆ ಇನ್ನು ಕಾಲಿಡಲ್ಲ’ ಎಂದು ಹೋದವನು ಆರು ವರ್ಷ ಮಾತು ಉಳಿಸಿಕೊಂಡಿದ್ದೀಯ, ಭೇಷ್. ಆ ದಿನ ಅಪ್ಪ ನಿನ್ನ ಮೇಲೆ ಕೈ ಮಾಡಿದ್ದು ತಪ್ಪೇ. ಅವರೂ ಹಾಗೇ ಅನ್ನುತ್ತಾರೆ. ನಿನಗೆ ಹೇಳಬೇಕೆಂದರೆ ನೀನು ಎದುರಿಗಿರಬೇಕಲ್ಲ.

ಮೈ ನೋಡಿಕೋ. ಅಪ್ಪನ ಆಶೀರ್ವಾದವನ್ನು ಅವರನ್ನು ಕೇಳದೆಯೇ ಬರೆಯುತ್ತಿದ್ದೇನೆ, ಇದ್ದೇ ಇರುತ್ತದೆ.

ನಿನ್ನ ಅಕ್ಕ

ಮರೆತಿದ್ದೆ: ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್ ತೆಗೆಯದೇ ಕಳಿಸಿದ್ದೀಯ. ಇವತ್ತು ಬೆಳಿಗ್ಗೆ ನೋಡಿದೆ. ಕಳೆದ ತಿಂಗಳು ಹನ್ನೆರಡನೇ ತಾರೀಖು, ಸಂಜೆ ಐದು ಗಂಟೆ, ದರ್ಜಿ ಅಂಗಡಿಯ ಪಕ್ಕದಿಂದ ತೆಗೆದ ನಲವತ್ತು ಫೋಟೋ. ಎಲ್ಲದರಲ್ಲೂ ನಮ್ಮ ಬಾಗಿಲ ಬಳಿ ಸ್ಟೂಲಿನಲ್ಲಿ ಅಪ್ಪ, ನಿನ್ನ ಕಡೆಗೇ ಮುಖ ಮಾಡಿ. ಟಕ್ ಅಂದರೆ ಅವರಿಗೆ ಗೊತ್ತಾಗುತ್ತದೆ ಎಂದು ತಾನೇ ಸದ್ದು ನಿಲ್ಲಿಸಿದ್ದು? ಆ ಸಂಜೆ ಅವರು ಕೇಳಿದ್ದರು: ‘ಎದುರುಗಡೆ ಯಾರೋ ಆಗಿನಿಂದ ನಿಂತೇ ಇದಾರಲ್ಲ, ಯಾರಮ್ಮ?’ ನಾನು ತಲೆಯೆತ್ತದೆ, ‘ಯಾರೋ ಬಸ್ಸಿಗೆ ಕಾಯ್ತಿರಬೇಕು’ ಅಂದುಬಿಟ್ಟೆ. ಯಾರೆಂದು ಅವರಿಗೆ ಈಗಲೂ ಹೇಳಿಲ್ಲ. ಆಕಾರವಾದರೂ ಕಾಣುತ್ತಿರುವಾಗಲೇ ರಸ್ತೆ ದಾಟಿ ಬಂದು ನೀನೇ ಹೇಳು.